ಎಡಕ್ಕೆ ವಾಲಿದ ಸಾಲು

ಸಾಲುಗಳ ತುದಿಯ ಐದು ಉಣ್ಣೆ ಎಳೆಗಳನ್ನು ಒಟ್ಟುಗೂಡಿಸಿ ಒಂದು ಗಂಟು. ಮತ್ತೆ ಐದು, ಮತ್ತೊಂದು ಗಂಟು. ಕಂಬಳಿಯ ಬಲ ಅಂಚಿನಲ್ಲಿ ಹೀಗೆ ನಲವತ್ತು ಕುಚ್ಚು ಕಟ್ಟಿ ನಲವತ್ತೊಂದನೆಯದಕ್ಕೆ ಕೈ ಹಾಕಿದ್ದೆ. ಎಳೆಗಳನ್ನು ಬುಡದಿಂದ ತುದಿಯವರೆಗೆ ಸವರಿ ನೇರ ಮಾಡುವಾಗ, ಒಂದರ ಬುಡದಲ್ಲಿ ಬೆರಳಿಗೆ ಏನೂ ತಾಗಲಿಲ್ಲ.

ತಾಗಬೇಕಿತ್ತು. ನಾನು ಪ್ರತಿ ಸಾಲನ್ನೂ ಬಲ ತುದಿಯಿಂದ ಶುರು ಮಾಡುತ್ತೇನೆ. ಶುರುವಿನ ಜಾರುಗಂಟು ಅಕ್ಕಿಕಾಳಿನಷ್ಟು ಗಟ್ಟಿಯಾಗಿ ಬಲಗಡೆಯೇ ಕೂತಿರುತ್ತದೆ. ಇನ್ನೂರಕ್ಕೂ ಹೆಚ್ಚು ಸಾಲುಗಳಲ್ಲಿ ಒಂದೂ ತಪ್ಪಿಲ್ಲ. ಕಂಬಳಿಯನ್ನು ಮೊಣಕಾಲ ಮೇಲೆ ಎಳೆದುಕೊಂಡು ಎಡ ಅಂಚನ್ನು ನೋಡಿದೆ. ಆ ಸಾಲಿನ ಗಂಟು ಅಲ್ಲಿತ್ತು.

ಕನ್ನಡಕ ಹಾಕಿಕೊಂಡು ದೀಪದ ಹತ್ತಿರ ಸರಿದೆ. ತಿಳಿನೀಲಿ ಸಾಲು. ಅದರ ಮೇಲಿನದೂ ಕೆಳಗಿನದೂ ನನ್ನವು. ಕುಣಿಕೆಗಳು ಗಾಳಿಗೆ ಬಾಗಿದ ಹುಲ್ಲಿನಂತೆ ಬಲಕ್ಕೆ ವಾಲಿವೆ, ಅಲ್ಲಲ್ಲಿ ಒಂದು ಸಡಿಲ, ಒಂದು ಬಿಗಿ. ನಡುವಿನ ಈ ನೀಲಿ ಸಾಲು ಮಾತ್ರ ಎಡಕ್ಕೆ ವಾಲಿತ್ತು. ನೂರ ಅರವತ್ತು ಕುಣಿಕೆಗಳೂ ಅಚ್ಚಿನಿಂದ ತೆಗೆದ ಹಾಗೆ ಒಂದೇ ಸಮ. ನಿಜ ಹೇಳುವುದಾದರೆ ಇಡೀ ಕಂಬಳಿಯಲ್ಲಿ ಇಷ್ಟು ಚೆಂದದ ಸಾಲು ಇನ್ನೊಂದಿರಲಿಲ್ಲ.

ಅದು ನಾನು ಹೆಣೆದದ್ದಾಗಿರಲಿಲ್ಲ.

ಕಂಬಳಿ ಶುರು ಮಾಡಿದ್ದು ನನಗೆ ನಲವತ್ತೆಂಟು ತುಂಬಿದ ದಿನ. ವರ್ಷಗಳು ಎಲ್ಲಿ ಹೋಗುತ್ತಿವೆ ಎಂದೇ ಗೊತ್ತಾಗುತ್ತಿರಲಿಲ್ಲ. ಒಂದನ್ನಾದರೂ ಕೈಯಲ್ಲಿ ಹಿಡಿದು ನೋಡೋಣ ಅನ್ನಿಸಿತು. ದಿನಕ್ಕೊಂದು ಸಾಲು, ಬಣ್ಣ ಆ ದಿನದ ಹವೆಯದು. ನಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ನಾಲ್ಕು ಗಂಟೆಗೆ ಹೊರಡುತ್ತೇನೆ. ಮೆಟ್ಟಿಲ ಮೇಲೆ ನಿಂತರೆ ಎದುರಿನ ಬೆಟ್ಟದ ಹೆಗಲ ಮೇಲೆ ರೋಪ್‌ವೇಯ ಮೂರನೆಯ ಕಂಬ ಕಾಣುತ್ತದೆ. ಕಂಬ ಪೂರ್ತಿ ಕಂಡರೆ ತಿಳಿನೀಲಿ. ತಲೆ ಮಾತ್ರ ಮಂಜಿನಲ್ಲಿ ಮುಚ್ಚಿದ್ದರೆ ತೆಳು ಬೂದಿ. ಕಂಬವೇ ಕಾಣದಿದ್ದರೆ ಕಡು ಬೂದಿ. ಮಳೆಗೆ ಹಸಿರು, ಹಿಮಕ್ಕೆ ಬಿಳಿ, ತಂತಿ ಶಿಳ್ಳೆ ಹಾಕುವಷ್ಟು ಗಾಳಿ ಇದ್ದರೆ ಸಾಸಿವೆ ಬಣ್ಣ. ಸಾಲು ಮುಗಿದ ಮೇಲೆ ಉಣ್ಣೆ ಕತ್ತರಿಸಿಬಿಡುತ್ತೇನೆ. ಮರುದಿನ ಮತ್ತೆ ಬಲದಿಂದ, ಹೊಸ ಗಂಟಿನಿಂದ.

ಊರಿಗೆ ಇದು ಗೊತ್ತಾಗಲು ಎರಡು ತಿಂಗಳೂ ಬೇಕಾಗಲಿಲ್ಲ. ಮೊದಲ ಹಿಮ ಯಾವತ್ತು ಬಿತ್ತು ಎಂದು ಬೇಕರಿಯವನಿಗೂ ಹಾಲಿನವಳಿಗೂ ಜಗಳ ಬಿದ್ದು, ಇಬ್ಬರೂ ನಮ್ಮ ಮನೆಗೇ ಬಂದು ಸಾಲು ಎಣಿಸಿ ಹೋದರು. ಅಂದಿನಿಂದ ಬೇಕರಿಯವನು ನನ್ನನ್ನು ಕಂಡರೆ, "ಏನಮ್ಮ ಹವಾಮಾನ ಇಲಾಖೆ, ನಾಳೆ ಹೇಗೆ?" ಎನ್ನುತ್ತಾನೆ. "ನಾಳೇದು ನಂಗೊತ್ತಿಲ್ಲಪ್ಪ, ನಿನ್ನೇದು ಬೇಕಾದ್ರೆ ಕೇಳು" ಎನ್ನುತ್ತೇನೆ. ನನ್ನ ಗಂಡನಿಗೆ ಮಾತ್ರ ಇದು ಕೆಲಸವಿಲ್ಲದವರ ಕೆಲಸ. "ಉಣ್ಣೆ ಕ್ಯಾಲೆಂಡರ್ ಮುಗೀತಾ? ಊಟ ಹಾಕ್ತೀಯಾ?" ಎನ್ನುವುದಕ್ಕಿಂತ ಹೆಚ್ಚು ಅದರ ಬಗ್ಗೆ ಮಾತಾಡಿದವರಲ್ಲ.

ಈಗ ಎಡಕ್ಕೆ ವಾಲಿದ ಸಾಲಿನಿಂದ ಮೇಲಕ್ಕೆ ಎಣಿಸಿದೆ. ಇಪ್ಪತ್ತಮೂರು. ಮತ್ತೊಮ್ಮೆ ಎಣಿಸಿದೆ. ಇಪ್ಪತ್ತಮೂರು ದಿನದ ಹಿಂದೆ ಯಾವ ವಾರ ಎಂದು ಬೆರಳು ಮಡಿಚಿ ನೋಡುವ ಅಗತ್ಯವೇ ಇರಲಿಲ್ಲ. ಆ ದಿನ ನಮ್ಮೂರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ತೊಟ್ಟಿಲು ಬಡಿದ ದಿನ.

ರೋಪ್‌ವೇಯ ಗಾಡಿಗೆ ಇಲ್ಲಿ ತೊಟ್ಟಿಲು ಎನ್ನುತ್ತಾರೆ. ಕೆಳಗಿನ ನಿಲ್ದಾಣಕ್ಕೆ ನನ್ನ ಗಂಡ ಮೇಲ್ವಿಚಾರಕ. ಅವರ ಕೈಕೆಳಗೆ ಒಬ್ಬ ಬ್ರೇಕಿನವನು, ಕಂಬ ಬಂದಾಗ ತೊಟ್ಟಿಲಿನ ವೇಗ ತಗ್ಗಿಸುವವನು. ನಿಯಮ ಒಂದೇ: ಮೂರನೆಯ ಕಂಬ ಕಾಣದಿದ್ದರೆ ತೊಟ್ಟಿಲು ಬಿಡಕೂಡದು. ಆ ದಿನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹೊರಟ ತೊಟ್ಟಿಲು ಮೂರನೆಯ ಕಂಬಕ್ಕೆ ಪಕ್ಕೆ ಬಡಿಯಿತು. ಗಾಜು ಪುಡಿಯಾಯಿತು. ಮೇಲಿನ ಹಳ್ಳಿಯ ನಿವೃತ್ತ ಮೇಷ್ಟ್ರ ಹೆಗಲ ಮೂಳೆ ಮುರಿಯಿತು. ಬ್ರೇಕಿನವನು ಹೇಳಿದ್ದು: "ಮಂಜಿತ್ತು, ಬೇಡ ಅಂದೆ, ಬಿಡು ಅಂದ್ರು, ಬಿಟ್ಟೆ." ನನ್ನ ಗಂಡ ದಿನಚರಿ ಪುಸ್ತಕದಲ್ಲಿ ಬರೆದದ್ದು: ಆಕಾಶ ನಿರ್ಮಲ, ಮೂರನೆಯ ಕಂಬ ಸ್ಪಷ್ಟ, ಬ್ರೇಕು ಹಿಡಿಯುವುದರಲ್ಲಿ ಅಜಾಗರೂಕತೆ. ಮೇಲಿನ ನಿಲ್ದಾಣದವರಿಗೆ ಯಾವಾಗಲೂ ಬಿಸಿಲೇ. ಅವರಿರುವುದು ಮೋಡಕ್ಕಿಂತ ಮೇಲೆ. ಮೇಷ್ಟ್ರು ಗಾಜು ಬೆವೆತಿತ್ತು, ಹೊರಗೇನೂ ಕಾಣಲಿಲ್ಲ ಎಂದರು. ಪೇಟೆಯವರಲ್ಲಿ ಅರ್ಧ ಜನ ಮಂಜಿತ್ತು ಎಂದರು, ಅರ್ಧ ಜನ ಅದು ಬಂದದ್ದು ಆಮೇಲೆ ಎಂದರು. ಬ್ರೇಕಿನವನನ್ನು ಮನೆಗೆ ಕಳಿಸಿದರು. ಸೋಮವಾರ ಹತ್ತು ಗಂಟೆಗೆ ವಿಚಾರಣೆ, ಹೊರಗಿನಿಂದ ಅಧಿಕಾರಿ ಬರುತ್ತಾರೆ. ಅಲ್ಲಿ ಮಂಜಿರಲಿಲ್ಲ ಎಂದು ತೀರ್ಮಾನವಾದರೆ ಅವನ ಕೆಲಸ ಹೋಗುತ್ತದೆ, ಇನ್ನೆಲ್ಲೂ ಬ್ರೇಕಿನ ಹತ್ತಿರ ಅವನನ್ನು ಯಾರೂ ಸೇರಿಸುವುದಿಲ್ಲ. ಮಂಜಿತ್ತು ಎಂದಾದರೆ ನನ್ನ ಗಂಡನದು ಹೋಗುತ್ತದೆ.

ಇವತ್ತು ಶನಿವಾರ.

ನನಗೆ ಆ ದಿನದ ಮಂಜು ನೆನಪಿತ್ತು. ಮೆಟ್ಟಿಲ ಮೇಲೆ ನಿಂತಾಗ ಬೆಟ್ಟ ಇದ್ದ ಕಡೆ ಒದ್ದೆ ಹತ್ತಿ ತುರುಕಿದ ಹಾಗಿತ್ತು. ಮನೆಗೆ ಬಂದು ಕಡು ಬೂದಿ ಉಂಡೆ ತೆಗೆದು ಕೂತಿದ್ದೆ. ಅರ್ಧ ಸಾಲಾದಾಗ ಹಾಲಿನವಳು ಬಾಗಿಲಲ್ಲಿ ನಿಂತು ಸುದ್ದಿ ಹೇಳಿದಳು. ಏನು ಮಾಡಬೇಕೋ ತೋಚದೆ ಉಳಿದರ್ಧವನ್ನೂ ಹೆಣೆದು ಮುಗಿಸಿದ್ದೆ. ಆದರೆ ಮಾರನೆಯ ಸಂಜೆ ಕಂಬಳಿ ಬಿಡಿಸಿದಾಗ ಮೇಲಿನ ಸಾಲು ನೀಲಿ ಇತ್ತು.

"ನಿನ್ನೆ ಬೂದಿ ಹಾಕಿದ್ದೆ ಅಲ್ವಾ?" ಎಂದು ಗಟ್ಟಿಯಾಗಿಯೇ ಕೇಳಿಕೊಂಡಿದ್ದೆ.

ತೊಟ್ಟಿಲು ನಿಂತಿದ್ದರಿಂದ ನನ್ನ ಗಂಡ ಅವತ್ತೆಲ್ಲ ಮನೆಯಲ್ಲೇ ಇದ್ದರು. ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದವರು ಹಾಗೆಯೇ ಹೇಳಿದರು: "ನಿನ್ನೆ ನಿನಗೆ ಮೈಮೇಲೆ ಎಚ್ಚರ ಎಲ್ಲಿತ್ತು? ಕೈ ನಡುಗ್ತಿತ್ತು. ಈ ವಾರ ಎಲ್ಲಾ ಮಂಜೇ ಇತ್ತಲ್ಲ, ಯಾವ್ದೋ ದಿನಾನ ಇನ್ಯಾವ್ದೋ ದಿನಕ್ಕೆ ಹಚ್ತಿದೀಯ. ಬೇಕಾದ್ರೆ ನಿನ್ನ ಕಂಬಳೀನೇ ಕೇಳು."

ಕಂಬಳಿ ನೀಲಿ ಎನ್ನುತ್ತಿತ್ತು. ನನ್ನ ತಲೆಗಿಂತ ಅದರ ಮೇಲೆ ನನಗೆ ನಂಬಿಕೆ ಹೆಚ್ಚು. ಹಿಂದೆ ನಾಲ್ಕು ಬೂದಿ ಸಾಲುಗಳಿದ್ದವು. ಅವುಗಳಲ್ಲಿ ಒಂದರ ನೆನಪು ಇರಬೇಕು ಎಂದುಕೊಂಡು ಹೊಸ ಸಾಲು ಹೆಣೆದೆ.

ಅಷ್ಟೇ ಆಗಿದ್ದರೆ ನನ್ನ ಮನೆಯೊಳಗಿನ ಮಾತು. ಹನ್ನೊಂದು ದಿನದ ಹಿಂದೆ ಬ್ರೇಕಿನವನ ಹೆಂಡತಿ ಬಂದಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಚಪ್ಪಲಿ ಬಿಟ್ಟು ಒಳಗೆ ಬರಲೂ ಹಿಂಜರಿದು ಹೊಸ್ತಿಲಲ್ಲೇ ನಿಂತಳು.

"ಅಕ್ಕಾ, ಅಣ್ಣ ಇಲ್ಲದ ಹೊತ್ತು ನೋಡ್ಕೊಂಡು ಬಂದೆ. ತಪ್ಪು ತಿಳೀಬೇಡಿ."

"ಒಳಗೆ ಬಾ, ಥಂಡಿ."

"ಬೇಕರಿ ಅಣ್ಣ ಹೇಳ್ದ. ಮಂಜಿತ್ತೋ ಇಲ್ವೋ ಅಂತ ಊರೆಲ್ಲ ಯಾಕೆ ಬಾಯಿ ಬಡ್ಕೋತೀರಿ, ಔಷಧಿ ಅಂಗಡಿ ಅಮ್ಮನ ಕಂಬಳಿ ನೋಡಿ, ಅದಕ್ಕೆ ಯಾರ ಹಂಗೂ ಇಲ್ಲ ಅಂತ. ನಂಗೆ ಒಂದ್ಸಲ ತೋರಿಸ್ತೀರಾ?"

ಬಿಡಿಸಿ ತೋರಿಸಿದೆ. ಅವಳೇ ಬೆರಳಿಟ್ಟು ಎಣಿಸಿದಳು. ತುಟಿ ಅಲ್ಲಾಡುತ್ತಿತ್ತು. ನೀಲಿಯ ಮೇಲೆ ಬೆರಳು ನಿಂತಿತು. ಮತ್ತೆ ಕೆಳಗಿನಿಂದ ಎಣಿಸಿದಳು. ಮತ್ತೆ ನೀಲಿ.

"ನೀಲಿ ಅಂದ್ರೆ..."

"ಕಂಬ ಕಾಣ್ತಿತ್ತು ಅಂತ."

ಅವಳು ಅಳಲಿಲ್ಲ. ಹೊರಡುವಾಗ, "ಹಾಗಿದ್ರೆ ಅವ್ರು ನನ್ನ ಹತ್ರಾನೂ ಸುಳ್ಳು ಹೇಳಿದ್ರಾ" ಎಂದಳು, ನನಗಲ್ಲ, ಚಪ್ಪಲಿಗೆ ಹೇಳಿದ ಹಾಗೆ. ಆ ಮನೆಯಲ್ಲಿ ಆಮೇಲೆ ಏನಾಯಿತೋ. ಗಂಡ ಹೆಂಡತಿ ಮಾತಾಡುವುದಿಲ್ಲ ಎಂದು ಹಾಲಿನವಳು ಹೇಳಿದಳು. ನಾನು ನಂಬಿದ್ದನ್ನೇ ಹೇಳಿದೆನಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಈಗ ಮಡಿಲಲ್ಲಿ ಎಡಕ್ಕೆ ವಾಲಿದ ನೂರ ಅರವತ್ತು ಕುಣಿಕೆಗಳು.

ಎಡಗೈಯಲ್ಲಿ ಕಡ್ಡಿ ಹಿಡಿದವರು ಹೆಣೆದರೆ ಹಾಗೆ ವಾಲುತ್ತದೆ, ಎಡದಿಂದ ಶುರುವಾಗುತ್ತದೆ. ಎಡಗೈಯಲ್ಲಿ ಕ್ರೋಶಾ ಹಾಕುವವರು ನನಗೆ ಗೊತ್ತಿದ್ದಂತೆ ಊರಿನಲ್ಲಿ ಒಬ್ಬರೇ, ಅವರೂ ಒಲೆಯ ಪಕ್ಕದಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದರು. ನನ್ನ ಅತ್ತೆ. ನನಗೆ ಕಲಿಸಿದವರೂ ಅವರೇ. ಎದುರಿಗೆ ಕೂರಿಸಿಕೊಂಡು, "ಕನ್ನಡಿ ನೋಡ್ದಂಗೆ ನೋಡು, ತಿರುಗಿಸಿ ಮಾಡು" ಎಂದು ಕಲಿಸಿದ್ದರು. ಮಗನಿಗೆ ಕಷ್ಟ ಬಂತೆಂದು ಅಮ್ಮ ಹೀಗೆ ಮಾಡಿರಬಹುದೇ? ನಾನಿಲ್ಲದ ಹಗಲೆಲ್ಲ ಅವರದೇ. ಇಷ್ಟು ದಿನ ನನ್ನ ಕೈಯಿಂದ ಚಹಾ ಇಸಿದುಕೊಂಡು, ನಗುತ್ತ ಮಾತಾಡಿಕೊಂಡು ಇದ್ದರಲ್ಲ!

ನೇರವಾಗಿ ಕೇಳಿದರೆ ಜಾರಿಕೊಳ್ಳುತ್ತಾರೆ ಎಂದು ಬೇರೆ ದಾರಿ ಹಿಡಿದೆ. ಕಂಬಳಿ, ಉಂಡೆ, ಕಡ್ಡಿ ತೆಗೆದುಕೊಂಡು ಹೋಗಿ ಅವರ ಪಕ್ಕದಲ್ಲಿ ಕೂತೆ.

"ಅತ್ತೆ, ನನ್ನ ಮಣಿಕಟ್ಟು ಇವತ್ತು ಯಾಕೋ ಹಿಡ್ಕೊಂಡಿದೆ. ಇವತ್ತಿನ ಸಾಲು ನೀವು ಹಾಕಿಕೊಡ್ತೀರಾ?"

"ನಾನಾ?" ಅತ್ತೆ ನಕ್ಕು ಬಟಾಣಿ ಸಿಪ್ಪೆ ಕೊಡವಿದರು. "ನನ್ನ ಕೈಯಲ್ಲಿ ಚಮಚ ನಿಂತ್ರೆ ಸಾಕು ಅನ್ನೋ ಕಾಲ ಇದು. ಒಂದು ಕಣ್ಣಿಗೆ ಪೊರೆ, ಇನ್ನೊಂದು ಕಣ್ಣಿಗೆ ಸೋಮಾರಿತನ."

"ಬರೀ ಹತ್ತು ಕುಣಿಕೆ. ಆಮೇಲೆ ನಾನು ನೋಡ್ಕೋತೀನಿ."

"ಸರಿ, ಕೊಡು. ಬಿದ್ದು ನಗಬೇಡ."

ಕಡ್ಡಿಯನ್ನು ಎಡಗೈಗೆ ಕೊಟ್ಟೆ. ಬೆರಳ ಗೆಣ್ಣುಗಳು ಶುಂಠಿಯ ಹಾಗೆ ಊದಿದ್ದವು. ಕಡ್ಡಿ ನಿಲ್ಲಲಿಲ್ಲ. ಮೂರನೆಯ ಸಲ ಉಣ್ಣೆಯನ್ನು ಸಿಕ್ಕಿಸಿಕೊಂಡಿತು, ಎಳೆಯುವಾಗ ಜಾರಿತು. ಅತ್ತೆಯ ಹಣೆಯಲ್ಲಿ ಬೆವರು. ನಾನು ಕಳ್ಳಿಯ ಹಾಗೆ ಅವರ ಬೆರಳನ್ನೇ ನೋಡುತ್ತಿದ್ದೆ. ನಟನೆ ಇರಬಹುದೇ ಎಂದೂ ಅನ್ನಿಸಿತು. ಆದರೆ ಆ ನೋವು ನಟನೆಯದಲ್ಲ.

"ಬಿಡಿ ಅತ್ತೆ, ಬಿಡಿ."

"ನೋಡ್ದ್ಯಾ? ಎರಡು ವರ್ಷ ಆಯ್ತು ಕಡ್ಡಿ ಮುಟ್ಟಿ." ಕಡ್ಡಿ ಕೊಟ್ಟು, ಕಂಬಳಿಯನ್ನು ಮಾತ್ರ ಮಡಿಲಲ್ಲೇ ಇಟ್ಟುಕೊಂಡರು. ಅಂಗೈಯನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸವರಿದರು, ಬೆಕ್ಕಿನ ಬೆನ್ನು ಸವರುವ ಹಾಗೆ. "ನೀನು ಈಗ್ಲೂ ನಡುವೆ ಬಿಗಿ ಎಳೀತೀಯ. ಎಷ್ಟು ಸಲ ಹೇಳಿದೀನಿ. ಇಲ್ಲಿ ಯಾರ ಮೇಲೆ ಸಿಟ್ಟಿತ್ತು ನಿಂಗೆ, ಗಂಟಲು ಹಿಸುಕಿದ ಹಾಗೆ ಹಾಕಿದೀಯ..." ಕೈ ನಿಂತಿತು. ಎರಡು ಬೆರಳು ಅಡ್ಡಡ್ಡ ಹೋದವು, ವಾಪಸು ಬಂದವು. "ಇದು ನಿಂದಲ್ಲ."

ಯಾವ ಸಾಲು ಎಂದು ನಾನು ಬಗ್ಗಿ ನೋಡಬೇಕಾಗಿರಲಿಲ್ಲ. ಆದರೂ ನೋಡಿದೆ.

"ಮತ್ತೆ ಯಾರದು?"

ಅತ್ತೆಯ ಮುಖದಲ್ಲಿ ನಾನು ಎಂದೂ ಕಾಣದ ಒಂದು ಬೆಳಕು ಬಂತು. "ಅಯ್ಯೋ, ಬಿಟ್ಟೇ ಬಿಟ್ಟ ಅಂದ್ಕೊಂಡಿದ್ದೆ! ಇಷ್ಟು ಸಮ ಅವನು ಬಿಟ್ರೆ ಇನ್ಯಾರು ಹಾಕ್ತಾರೆ? ಕೈ ಮರೆತಿಲ್ಲ ನೋಡು. ಆಗ ಏಳು ವರ್ಷ ನಿನ್ನ ಗಂಡನಿಗೆ. ಕಾಲು ಮುರ್ಕೊಂಡು ಚಳಿಗಾಲವೆಲ್ಲ ಇದೇ ಒಲೆ ಪಕ್ಕ ಬಿದ್ದಿದ್ದ. ಸುಮ್ನಿರಲಿ ಅಂತ ಕಡ್ಡಿ ಕೊಟ್ಟೆ. ಎರಡೇ ತಿಂಗಳಿಗೆ ನನ್ನನ್ನ ಮೀರಿಸಿಬಿಟ್ಟ! ಅವನದೂ ಎಡಗೈಯಲ್ವಾ, ತಿರುಗಿಸಿ ಹೇಳಿಕೊಡೋ ತಾಪತ್ರಯಾನೂ ಇರಲಿಲ್ಲ. ಕೊರಳಿಗೆ ಒಂದು ಪಟ್ಟಿ ಹೆಣೆದುಕೊಂಡು ಶಾಲೆಗೆ ಹೋದ. ಹುಡುಗರೆಲ್ಲ ಸೇರಿ ಹುಡುಗೀ ಹುಡುಗೀ ಅಂತ ಕುಣಿದ್ರಂತೆ. ಮನೆಗೆ ಬಂದವನೇ ಒಲೆಗೆ ಹಾಕ್ದ. ಆಮೇಲೆ ಮುಟ್ಟಿದ್ದನ್ನ ನಾ ಕಾಣೆ. ನಿಂಗೆ ಹೇಳಿಲ್ವಾ?"

ಇಲ್ಲ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಹೇಳಿರಲಿಲ್ಲ. ನಾನು ಹೆಣೆಯುವಾಗ ಎದುರಿಗೆ ಕೂತು ಪತ್ರಿಕೆ ಓದಿದ್ದಾರೆ. ಕುಣಿಕೆ ತಪ್ಪಿ ಬಿಚ್ಚಿ ಮತ್ತೆ ಹಾಕುತ್ತ ನಾನು ಗೊಣಗಿದ್ದನ್ನು ಕೇಳಿದ್ದಾರೆ. ಎಲ್ಲಿ ತಪ್ಪಿತು ಎಂದು ಆಗೆಲ್ಲ ಅವರಿಗೆ ಕಾಣುತ್ತಿತ್ತೇ?

"ಯಾವತ್ತು ಹಾಕ್ದ ಇದನ್ನ?" ಅತ್ತೆ ಕೇಳಿದರು. ಕೇಳುತ್ತಿದ್ದ ಹಾಗೆಯೇ ಅವರ ಬೆರಳು ಅಲ್ಲಿಂದ ಮೇಲಕ್ಕೆ ಸಾಲು ಎಣಿಸತೊಡಗಿತು. ಹದಿನೈದರ ಹತ್ತಿರ ನಿಂತುಬಿಟ್ಟಿತು. ಅವರಿಗೆ ಕಣ್ಣು ಮಂಜಾಗಿದೆ, ಬುದ್ಧಿ ಅಲ್ಲ. ಕಂಬಳಿಯನ್ನು ನಿಧಾನವಾಗಿ ನನ್ನ ಮಡಿಲಿಗೆ ತಳ್ಳಿ ಬಟಾಣಿ ಬುಟ್ಟಿ ಎಳೆದುಕೊಂಡರು.

"ನನ್ನ ಬೆರಳಿಗೇನು ಗೊತ್ತಾಗುತ್ತೆ ಹೇಳು. ಮರಗಟ್ಟಿ ಹೋಗಿವೆ. ನಿಂದೇ ಇರಬೇಕು."

"ಎಡಕ್ಕೆ ವಾಲಿದೆ, ಅತ್ತೆ."

"ವಾಲಿದ್ರೆ ವಾಲ್ಲಿ. ಕಂಬಳಿ ತಾನೇ? ಹೊದ್ದುಕೊಂಡ್ರೆ ಎಲ್ಲಾ ಒಂದೇ." ದನಿ ತಗ್ಗಿಸಿ, "ನೀನು ಬಟಾಣಿ ಸುಲೀತೀಯೋ ಇಲ್ವೋ?"

ಸುಲಿದೆ. ಬಟ್ಟಲಿಗೆ ಕಾಳು ಬೀಳುವ ಸದ್ದಷ್ಟೇ. ಮಗನ ಕೈಕೆಲಸ ಗುರುತಿಸಿದ ಸಂತೋಷದಲ್ಲಿ ಬಾಯಿ ಬಿಟ್ಟರೋ, ಇಷ್ಟು ದಿನದ ಭಾರ ಯಾರ ಮೇಲಾದರೂ ಇಳಿಸಬೇಕೆಂದು ಬೇಕಂತಲೇ ಬಿಟ್ಟರೋ? ತೊಟ್ಟಿಲು ಬಡಿದ ಮಾರನೆಯ ದಿನ ಅತ್ತೆಯೂ ಮನೆಯಲ್ಲೇ ಇದ್ದರಲ್ಲ. ಮಗ ಎದುರಿಗೇ ಕೂತು ಒಂದು ಗಂಟೆ ಹೆಣೆದರೆ ಈ ಚಿಕ್ಕ ಕೋಣೆಯಲ್ಲಿ ಕಾಣದೇ ಹೋಗುತ್ತದೆಯೇ? ಮಧ್ಯಾಹ್ನ ನಿದ್ದೆ ಮಾಡುತ್ತಾರೆ, ನಿಜ. ಪ್ರತಿ ಮಧ್ಯಾಹ್ನವೂ ಮಾಡುತ್ತಾರೆಯೇ?

ಒಮ್ಮೆ ಅನುಮಾನ ಹೊಕ್ಕರೆ ಮನೆಯ ಒಂದೊಂದು ಸಾಮಾನೂ ಏನನ್ನೋ ಮುಚ್ಚಿಟ್ಟುಕೊಂಡ ಹಾಗೆ ಕಾಣುತ್ತದೆ. ಬಾಗಿಲ ಹಿಂದಿನ ಗಂಡನ ಕೋಟು. ಮಂಚದ ಕೆಳಗಿನ ಪೆಟ್ಟಿಗೆ. ನನ್ನ ಉಣ್ಣೆ ಬುಟ್ಟಿಯಲ್ಲಿ ನಾನು ಇಟ್ಟಂತೆ ಇಲ್ಲದ ನೀಲಿ ಉಂಡೆ. ಅದು ಹಾಗಿದ್ದದ್ದೇ ಹೌದೋ, ಈಗ ನನಗೆ ಹಾಗನ್ನಿಸುತ್ತಿದೆಯೋ.

ಗಂಡ ಬಂದದ್ದು ಏಳು ಗಂಟೆಗೆ. ಊಟಕ್ಕೆ ಕೂತಾಗ ಅವರ ಕೈಯನ್ನೇ ನೋಡಿದೆ. ದಪ್ಪ ಬೆರಳುಗಳು, ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು. ಎಡಗೈಯಲ್ಲಿ ಚಮಚ. ಇದೇ ಕೈ.

"ಇವತ್ತು ಕುಚ್ಚು ಕಟ್ಟಿದೆ" ಎಂದೆ.

"ಹ್ಞೂಂ."

"ಒಂದು ಕಡೆ ಸರಿಯಾಗಿ ಬರ್ತಾ ಇಲ್ಲ. ಎಳೆ ತಿರುಗಾ ಮುರುಗಾ ಆಗಿದೆ."

ಚಮಚ ನಿಲ್ಲಲಿಲ್ಲ. ನಿಂತಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. "ಅಷ್ಟು ದೊಡ್ಡ ಕಂಬಳೀಲಿ ಒಂದೆರಡು ಹೆಚ್ಚು ಕಡಿಮೆ ಆಗೇ ಆಗುತ್ತೆ" ಎಂದರು. ನೀರು ಕುಡಿದು, ಬಾಯಿ ಒರೆಸಿಕೊಂಡು, "ಅಂದ ಹಾಗೆ, ಆ ಅಧಿಕಾರಿ ಸೋಮವಾರ ಮನೆ ಕಡೆ ಬಂದ್ರೂ ಬರಬಹುದು. ಬೇಕರಿಯವನು ಕಂಬಳಿ ಕಂಬಳಿ ಅಂತ ಎಲ್ಲರ ಕಿವೀಲೂ ಊದಿದಾನೆ. ಬಂದ್ರೆ ತೋರಿಸು."

"ನಿಮಗೆ ಅದು ಉಣ್ಣೆ ಕ್ಯಾಲೆಂಡರ್ ಅಲ್ವಾ?"

"ತಮಾಷೆ ಮಾಡ್ತಿದ್ದೆ ಕಣೇ. ಊರಿನವರೇ ನಂಬೋ ವಸ್ತು. ತೋರಿಸೋಕೇನು?"

"ಅವರು ನನ್ನನ್ನೂ ಕೇಳಿದ್ರೆ? ಏನು ನೋಡಿದೆ ಅಂತ?"

ಈಗ ಅವರು ನನ್ನ ಮುಖ ನೋಡಿದರು. "ಏನು ನೋಡಿದ್ಯೋ ಅದನ್ನೇ ಹೆಣೆದಿದೀಯ. ಅದನ್ನೇ ಹೇಳು. ಮಂಜು ಬಂದದ್ದು ನಾಲ್ಕೂವರೆ ಮೇಲೆ." ಆಮೇಲೆ ಇನ್ನಷ್ಟು ಮೆತ್ತಗೆ: "ಅದಕ್ಕೆ ಮುಂಚೆ ನಾಲ್ಕು ದಿನ ಮಂಜಿಗೆ ತೊಟ್ಟಿಲು ನಿಲ್ಲಿಸಿದ್ದಕ್ಕೆ ಮೇಲಧಿಕಾರಿಗಳು ಫೋನಿನಲ್ಲಿ ಏನೆಲ್ಲ ಅಂದ್ರು, ನಿಂಗೆ ಗೊತ್ತಿಲ್ಲ. ಕೂಲಿಯವನಿಗೂ ಹಾಗೆ ಬೈಯಲ್ಲ."

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಉಪ್ಪು ಕಮ್ಮಿ ಆಗಿದೆ" ಎಂದರು. ಉಪ್ಪು ಸರಿಯಾಗಿಯೇ ಇತ್ತು.

ಭಾನುವಾರ ಬೆಳಿಗ್ಗೆ ಗಂಡ ಕ್ಷೌರಕ್ಕೆ ಹೋದರು. ವಿಚಾರಣೆಗೆ ಅಚ್ಚುಕಟ್ಟಾಗಿರಬೇಕಲ್ಲ. ಅವರು ತಿರುವು ದಾಟುವವರೆಗೆ ಕಿಟಕಿಯಲ್ಲಿ ನಿಂತಿದ್ದೆ. ಮದುವೆಯಾದಾಗಿನಿಂದ ಅವರ ಜೇಬಿಗೆ ಕೈ ಹಾಕಿದವಳಲ್ಲ ನಾನು. ಕೋಟಿನ ಜೇಬಿನಲ್ಲಿ ಬೀಗದ ಕೈ, ಒಂದು ಪೆನ್ಸಿಲು. ಪೆಟ್ಟಿಗೆಯಲ್ಲಿ ಹಳೆಯ ಕಾಗದಪತ್ರ. ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟೆ. ನನ್ನ ಕೈ ಇಷ್ಟು ಬೇಗ ಪಳಗಿತಲ್ಲ ಎಂದು ನನಗೇ ಹೇಸಿಗೆಯಾಯಿತು.

ಬಿಚ್ಚಿದ ಬೂದಿ ಉಣ್ಣೆಯನ್ನು ಒಲೆಗೆ ಹಾಕಿರುತ್ತಾರೆ ಎಂದುಕೊಂಡೆ. ಆದರೆ ಸುಟ್ಟ ಉಣ್ಣೆ ಕೂದಲಿನಂತೆ ನಾರುತ್ತದೆ, ಎರಡು ದಿನ ಮನೆಯಲ್ಲಿ ನಿಲ್ಲುತ್ತದೆ, ಅತ್ತೆಯಾದರೂ ಕೇಳಿರುತ್ತಿದ್ದರು. ಅಲ್ಲದೆ ನನ್ನ ಗಂಡ ಏನನ್ನೂ ಎಸೆಯುವವರಲ್ಲ. ಬಾಗಿದ ಮೊಳೆಯನ್ನೂ ಬಡಿದು ನೆಟ್ಟಗೆ ಮಾಡಿ ಇಡುತ್ತಾರೆ. ಹಿತ್ತಿಲ ಬಾಗಿಲ ಹತ್ತಿರ ಸಲಕರಣೆಯ ಡಬ್ಬಿ ಇದೆ. ಮೇಲಿನ ತಟ್ಟೆಯಲ್ಲಿ ಸ್ಪ್ಯಾನರು, ಸ್ಕ್ರೂ. ತಟ್ಟೆ ಎತ್ತಿದೆ. ಕೆಳಗೆ ಕಾಗದದಲ್ಲಿ ಸುತ್ತಿದ ಏನೋ ಮೆತ್ತನೆಯದು.

ಖಾಲಿ ಬೆಂಕಿಪೊಟ್ಟಣಕ್ಕೆ ಸುತ್ತಿದ ಕಡು ಬೂದಿ ಉಣ್ಣೆ. ಎಳೆಯ ಪಕ್ಕ ಎಳೆ, ಒಂದೂ ಮೇಲೆ ಹತ್ತದ ಹಾಗೆ. ತುದಿ ಬಿಡಿಸಿ ಎಳೆದೆ. ಉಂಡೆಯಿಂದ ಬಂದ ಉಣ್ಣೆ ನೆಟ್ಟಗಿರುತ್ತದೆ. ಇದು ಸುರುಳಿ ಸುರುಳಿಯಾಗಿ ಎದ್ದು ನಿಂತಿತು. ಒಮ್ಮೆ ಹೆಣೆದು ಬಿಚ್ಚಿದ ಉಣ್ಣೆಯಲ್ಲಿ ಕುಣಿಕೆಯ ಸುಕ್ಕು ಉಳಿದುಬಿಡುತ್ತದೆ, ಒಗೆಯುವವರೆಗೂ ಹೋಗುವುದಿಲ್ಲ. ನಡುವೆ ಒಂದು ಕಡೆ ಸುಕ್ಕು ತೀರಾ ಚಿಕ್ಕದು, ಬಿಗಿ. ಹಾಲಿನವಳು ಬಾಗಿಲಲ್ಲಿ ನಿಂತು ಸುದ್ದಿ ಹೇಳಿದ ಹೊತ್ತಿನವು ಆ ಕುಣಿಕೆಗಳು.

ಹಾಗಾದರೆ ನನ್ನ ತಲೆ ಕೆಟ್ಟಿರಲಿಲ್ಲ. ಮಂಜಿತ್ತು. ನಾನು ಕಂಡಿದ್ದೆ. ಕಂಡದ್ದನ್ನು ಹೆಣೆದಿದ್ದೆ. ಆಮೇಲೆ ಕಂಡಿಲ್ಲ ಎಂದು ಒಬ್ಬ ಹೆಂಗಸಿಗೆ ಹೇಳಿ ಅವಳ ಗಂಡನನ್ನು ಅವಳ ಕಣ್ಣಲ್ಲೇ ಸುಳ್ಳುಗಾರನನ್ನಾಗಿ ಮಾಡಿದ್ದೆ.

ನನಗೆ ಬಂದದ್ದು ಮೊದಲು ಸಿಟ್ಟಲ್ಲ. ಈ ಮನುಷ್ಯ ಆ ಮಧ್ಯಾಹ್ನ ನನ್ನ ಕಂಬಳಿಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದನ್ನು ಊಹಿಸಿಕೊಂಡೆ. ಏಳನೆಯ ವಯಸ್ಸಿನಲ್ಲಿ ಒಲೆಗೆ ಹಾಕಿದ್ದನ್ನು ಮತ್ತೆ ಕೈಗೆತ್ತಿಕೊಂಡು, ಒಂದೊಂದಾಗಿ ಎಣಿಸಿ, ನೂರ ಅರವತ್ತು. ಇಷ್ಟು ವರ್ಷದಲ್ಲಿ ನನ್ನ ಕೆಲಸವನ್ನು ಅವರು ಅಷ್ಟು ಹತ್ತಿರದಿಂದ, ಅಷ್ಟು ಶ್ರದ್ಧೆಯಿಂದ ನೋಡಿದ್ದು ಅದೊಂದೇ ದಿನ. ಕೇಳಿದ್ದರೆ ಪ್ರತಿ ಸಂಜೆ ಪಕ್ಕದಲ್ಲಿ ಜಾಗ ಕೊಡುತ್ತಿದ್ದೆ. ಅರ್ಧ ಸಾಲು ನಿಮ್ಮದು, ಅರ್ಧ ನನ್ನದು ಎನ್ನುತ್ತಿದ್ದೆ.

ಸಿಟ್ಟು ಆಮೇಲೆ ಬಂತು, ಮಂಚದಲ್ಲಿ ಗೋಡೆಗೆ ಮುಖ ಮಾಡಿ ಹೇಳಿದ ಆ ಒಂದು ಮಾತು ನೆನಪಾದಾಗ. ನಿನ್ನ ಕಂಬಳೀನೇ ಕೇಳು.

ಬೆಂಕಿಪೊಟ್ಟಣವನ್ನು ಅದೇ ಕಾಗದದಲ್ಲಿ ಸುತ್ತಿ ಅಲ್ಲೇ ಇಟ್ಟು ತಟ್ಟೆ ಮುಚ್ಚಿದೆ. ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಏನು ಹುಡುಕ್ತಿದೀಯ?"

"ಸುತ್ತಿಗೆ. ಮೊಳೆ ಎದ್ದಿತ್ತು."

"ಸಿಕ್ತಾ?"

"ಸಿಕ್ತು ಅತ್ತೆ."

ನನ್ನ ಕೈಯಲ್ಲಿ ಸುತ್ತಿಗೆ ಇರಲಿಲ್ಲ. ಅವರು ಅದನ್ನು ನೋಡಿದರೋ ಇಲ್ಲವೋ, ಅವರ ಕಣ್ಣನ್ನು ನೋಡಿ ಹೇಳುವಂತಿರಲಿಲ್ಲ. "ಇರೋ ಒಬ್ಬನೇ ಮಗ ನನಗೆ" ಎಂದರು. ಬೇಡಿಕೊಳ್ಳುವ ದನಿಯಲ್ಲ, ಹೊರಗೆ ಬಿಸಿಲಿದೆ ಎಂದು ಹೇಳುವ ಹಾಗೆ. ಅವರು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ದಿನವಿಡೀ ಲೆಕ್ಕ ಹಾಕಿದೆ. ಬಾಯಿ ಬಿಟ್ಟರೆ ಈ ಮನೆಯಲ್ಲಿ ಏನಾಗುತ್ತದೆ ಎಂದು ಗೊತ್ತಿತ್ತು. ನನ್ನ ಗಂಡನಿಗೆ ಐವತ್ತೆರಡು. ತಂತಿ, ಕಂಬ, ತೊಟ್ಟಿಲು ಬಿಟ್ಟು ಅವರಿಗೆ ಬೇರೆ ಕೆಲಸ ಬರುವುದಿಲ್ಲ. ಬೇರೆ ಬರುವುದು ಒಂದಿದೆ, ಅದನ್ನು ಅವರು ಹೇಳಿಕೊಳ್ಳುವುದಿಲ್ಲ. ನಾನು ಸುಮ್ಮನಿದ್ದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಏನೂ ಆಗುವುದಿಲ್ಲ. ಅಧಿಕಾರಿ ಬರುತ್ತಾರೆ, ನೀಲಿ ಸಾಲು ನೋಡುತ್ತಾರೆ, ತಲೆದೂಗುತ್ತಾರೆ. ಬ್ರೇಕಿನವನ ಹೆಂಡತಿ ಔಷಧಿ ಅಂಗಡಿಗೆ ಬಂದರೆ ಅಕ್ಕಾ ಎಂದೇ ಕರೆಯುತ್ತಾಳೆ. ನನ್ನ ಗಂಡ ಎದುರಿಗೆ ಕೂತು ಪತ್ರಿಕೆ ಓದುತ್ತಾರೆ, ನಾನು ಪ್ರತಿ ಸಂಜೆ ಬೆಟ್ಟ ನೋಡಿ ಬಂದು, ನಾನು ನೋಡಿದ್ದು ಹೌದೋ ಅಲ್ಲವೋ ಎಂದು ಅವರ ಮುಖ ನೋಡುತ್ತೇನೆ. ಅದನ್ನು ಎಷ್ಟು ವರ್ಷ?

ಸಂಜೆ ಅವರು ಅಂಗಿ ತಂದುಕೊಟ್ಟರು. "ನಾಳೆಗೆ ಇದು. ಕಾಲರು ಸ್ವಲ್ಪ ಒತ್ತಿ ಮಾಡು."

ಇಸ್ತ್ರಿ ಪೆಟ್ಟಿಗೆ ಕಾಯುವವರೆಗೆ ಅಂಗಿಗೆ ನೀರು ಚಿಮುಕಿಸಿದೆ. ಕಾಲರು, ಹೆಗಲು, ತೋಳು. ಗುಂಡಿಪಟ್ಟಿಯನ್ನು ಒಳಗಿನಿಂದ. ಎಡ ತೋಳಿನ ಮಣಿಕಟ್ಟನ್ನು ಎರಡು ಸಲ ಒತ್ತಿದೆ, ಅಲ್ಲಿ ಯಾವಾಗಲೂ ಮಡಿಕೆ ಉಳಿಯುತ್ತದೆ. ಚೆನ್ನಾಗಿ ಬಂತು. ಕುರ್ಚಿಯ ಬೆನ್ನಿಗೆ ಹಾಕಿದೆ.

"ಅಧಿಕಾರಿ ಮನೆಗೆ ಬರೋದು ಹತ್ತಕ್ಕೆ ಮುಂಚೆನೋ ಆಮೇಲೋ?" ಎಂದು ಕೇಳಿದೆ.

"ಆಮೇಲೆ ಬರಬಹುದು. ಹತ್ತಕ್ಕೆ ಎಲ್ಲರೂ ನಿಲ್ದಾಣದಲ್ಲೇ ಇರ್ತೀವಿ. ಯಾಕೆ?"

"ಸುಮ್ನೆ. ಚಹಾಕ್ಕೆ ಹಾಲು ಸಾಕಾ ಅಂತ."

ಅವರು ಕನ್ನಡಿ ಮುಂದೆ ಹೊಸ ಕ್ಷೌರವನ್ನು ಕೈಯಿಂದ ಸವರಿ ನೋಡಿಕೊಳ್ಳುತ್ತಿದ್ದರು. ಒಲೆಯ ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿದ್ದರು.

ಅಧಿಕಾರಿ ಮನೆಗೆ ಬರುವವರೆಗೆ ನಾನು ಕಾಯುವುದಿಲ್ಲ. ಕಂಬಳಿಯನ್ನೂ ಒಯ್ಯುವುದಿಲ್ಲ, ಬೆಂಕಿಪೊಟ್ಟಣವನ್ನೂ ಇಲ್ಲ. ಯಾವುದೂ ನನ್ನ ಬದಲು ಮಾತಾಡುವುದು ಬೇಡ. ಹತ್ತು ಗಂಟೆಗೆ ನಿಲ್ದಾಣದ ಕೋಣೆಗೆ ಹೋಗಿ, ಎಲ್ಲರ ಎದುರಿಗೆ, ನಾಲ್ಕು ಗಂಟೆಗೆ ಔಷಧಿ ಅಂಗಡಿಯ ಮೆಟ್ಟಿಲಿನಿಂದ ಮೂರನೆಯ ಕಂಬ ಕಾಣುತ್ತಿರಲಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ ಎಂದು ಹೇಳುತ್ತೇನೆ. ಅವರು ಎಷ್ಟು ಸಲ ಕೇಳಿದರೂ ಅಷ್ಟನ್ನೇ.

ಇಸ್ತ್ರಿ ಪೆಟ್ಟಿಗೆ ಇನ್ನೂ ಬಿಸಿ ಇತ್ತು. ಬೀರುವಿನಿಂದ ನನ್ನ ಕಪ್ಪು ಕೋಟು ತೆಗೆದು, ಮೇಜಿನ ಮೇಲೆ ಹರಡಿ, ಅದಕ್ಕೂ ನೀರು ಚಿಮುಕಿಸಿದೆ.

"ಎಲ್ಲಿಗಾದ್ರೂ ಹೋಗೋದಿದ್ಯಾ?" ಕನ್ನಡಿಯೊಳಗಿನಿಂದಲೇ ಅವರು ಕೇಳಿದರು.

"ಇಲ್ಲ. ಪೆಟ್ಟಿಗೆ ಕಾದಿತ್ತಲ್ಲ, ಅದಕ್ಕೆ" ಎಂದೆ.